ಚುಕ್ಕಿ ಬಿದ್ದ ಕಾಗದ

"ನನ್ನ ಕಾಗದಕ್ಕೆ ಚುಕ್ಕಿ ಬಿದ್ದಿದೆಯಂತೆ,
ಒಳ್ಳೆಯದೇ ಅಲ್ಲವೇ?" ಎಂದು ಕೇಳಿದ ಕಿಪೊ,
ಡಬೊಯಾದ ನೀಲಿಗುಂಡಿಗಳ ಬಣ್ಣಗಾರ.
ಮೊಮ್ಮಗನ ಪುಸ್ತಕದಲ್ಲಿ ಚುಕ್ಕಿ ಬಿದ್ದ ದಿನ
ಅವರ ಮನೆಯಲ್ಲಿ ಕೋಳಿ ಕೊಯ್ಯುತ್ತಾರೆ.

ಮೊದಲು ಅನುಮಾನ ಬಂದದ್ದು ಉಗುರಿನ ಮೇಲೆ.
ಹೊಸ ನರ್ಸು ಕೈ ಹಿಡಿದು ನೋಡಿ
"ನೀಲಿಗಟ್ಟಿದ್ದಾನೆ!" ಎಂದು ಆಕ್ಸಿಜನ್ ತರಲು ಓಡಿದಳು.
ಮೂವತ್ತು ವರ್ಷದ ನೀಲಿ ತಾಯೀ ಅದು,
ಸಾಬೂನಿಗೆ ಬಗ್ಗದು, ಎಂದು ನಕ್ಕ.
ನಕ್ಕರೆ ಹರ್ನಿಯಾ ನೋಯುತ್ತದೆ;
ನಗು ಅರ್ಧಕ್ಕೇ ನಿಂತಿತು.

ಆಮೇಲೆ ಅನುಮಾನ ರಕ್ತದ ಮೇಲೆ.
ಪ್ಲೇಟ್‌ಲೆಟ್: ಒಂದು ಲಕ್ಷ ಹದಿನೆಂಟು ಸಾವಿರ.
ಪಕ್ಕದಲ್ಲೇ ಅಚ್ಚಾದ ಗಡಿ:
ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ.
ನಡುವೆ ಆ ಚುಕ್ಕಿ.
ಡಾಕ್ಟರ್ ಅಯಾಂಗಾ ಕೈ ಹಿಂದೆಗೆದರು.
ಸೋಮವಾರದ ಆಪರೇಷನ್ ಮುಂದಕ್ಕೆ ಹೋಯಿತು,
ಕಾಗದ ನನ್ನ ಬಳಿಗೆ ಹಿಂದಕ್ಕೆ ಬಂತು.

ತಮಾಲೆಯ ಈ ಲ್ಯಾಬಿನಲ್ಲಿ ನನಗೆ ಹನ್ನೆರಡು ವರ್ಷ.
ಹರ್ಮಟಾನ್ ಬೀಸುವ ತಿಂಗಳು,
ಗಾಜನ್ನು ಒರೆಸಿದಷ್ಟೂ ದೂಳು.
ಆದರೂ ಒರೆಸಿದೆ. ಹನಿ ಎಳೆದೆ, ಒಣಗಿಸಿದೆ, ಬಣ್ಣ ಹಾಕಿದೆ.
ನಮ್ಮದೂ ಬಣ್ಣದ ಕಸುಬೇ, ಕಿಪೊ,
ನಿನ್ನದು ನೂಲಿಗೆ, ನನ್ನದು ನೆತ್ತರಿಗೆ.

ಮೊದಲು ಅಂಚು ನೋಡಬೇಕು.
ಕೊಳವೆಯ ಮದ್ದಿಗೆ ಮುನಿದು ಕೆಲವರ ಕಿರುಬಿಲ್ಲೆಗಳು
ಒಂದನ್ನೊಂದು ತಬ್ಬಿ ಗುಂಪುಗೂಡುತ್ತವೆ,
ಯಂತ್ರ ಲೆಕ್ಕ ತಪ್ಪುತ್ತದೆ.
ಇಲ್ಲಿ ಗುಂಪಿಲ್ಲ. ಒಂದೊಂದೇ, ದೂರ ದೂರ,
ಸಂತೆ ಮುಗಿದ ಮೇಲೆ ಉಳಿದ ಮಂದಿಯಂತೆ.
ಆರು. ಏಳು. ಐದು. ಮತ್ತೆ ಆರು.
ಹತ್ತು ಕಡೆ ಎಣಿಸಿ ಗುಣಿಸಿದೆ.
ಯಂತ್ರ ಸುಳ್ಳು ಹೇಳಿರಲಿಲ್ಲ.
ಆದರೆ ಒಂದೊಂದೂ ಎಷ್ಟು ದಪ್ಪ!
ಆಳು ಕಮ್ಮಿ, ರಟ್ಟೆ ಗಟ್ಟಿ.

"ಎಂದಾದರೂ ಕೊಯ್ದುಕೊಂಡದ್ದುಂಟೆ?"
ಮುಂಗೈ ಚಾಚಿದ: ಗುದ್ದಲಿ ತಗಲಿದ ಗೇಣುದ್ದದ ಕಲೆ.
"ಚಿಂದಿ ಕಟ್ಟಿದೆ. ಬಿಂದಿಗೆ ತುಂಬುವಷ್ಟರಲ್ಲಿ ನಿಂತಿತು."
"ನಿಮ್ಮವರಲ್ಲಿ?" ತಮ್ಮನನ್ನು ಮುಂದೆ ತಳ್ಳಿದ.
ಒಂದು ಲಕ್ಷ ಇಪ್ಪತ್ತೊಂದು ಸಾವಿರ. ಅವನಿಗೂ ಚುಕ್ಕಿ.

ಯಾರ ತೋಳಿನಿಂದ ಎಳೆದ ಗೆರೆ ಇದು?
ಯಂತ್ರದ ಕೈಪಿಡಿ ಹುಡುಕಿದೆ. ಆರೋಗ್ಯವಂತರು, ಎಂದಷ್ಟೇ ಇದೆ.
ಯಾವ ಊರು, ಏನುಂಡರು, ಚಳಿಗೆ ಏನು ಹೊದ್ದರು, ಬರೆದಿಲ್ಲ.
ಅವರಲ್ಲೂ ನೂರಕ್ಕೆ ಐವರನ್ನು,
ಮೈಯಲ್ಲಿ ಏನೂ ಕೆಡದಿದ್ದರೂ,
ಆಚೆ ನಿಲ್ಲಿಸಿಯೇ ಗೆರೆ ಎಳೆಯುವುದು ರೂಢಿ.
ಇದನ್ನು ಓದಿ ಪಾಸಾಗಿದ್ದೆ. ಮರೆತಿದ್ದೆ.
ಪರವೂರ ಬಳ್ಳದಲ್ಲಿ ನಮ್ಮ ಸಜ್ಜೆ ಅಳೆದು
ಕಮ್ಮಿ ಬಂತೆಂದು ಹೊಲವನ್ನು ಬೈದಂತಾಯಿತಲ್ಲ.

ಆದರೂ ಷರಾ ಬರೆಯುವಾಗ ಪೆನ್ನು ನಿಂತಿತು.
ಹೋದ ಮಳೆಗಾಲದಲ್ಲಿ ವುಂಪಿನಿ, ಒಂಬತ್ತು ವರ್ಷದ ಹುಡುಗಿ,
ಇದೇ ಅಂಕಿ, ಇದೇ ಚುಕ್ಕಿ.
ನಾವು ಚುಕ್ಕಿಯನ್ನು ನಂಬಿದ್ದಕ್ಕೆ ಅವಳು ಉಳಿದಳು.

ರಾತ್ರಿ, ಯಾರೂ ಇಲ್ಲದಾಗ,
ನನ್ನದೇ ತೋಳಿಗೆ ಪಟ್ಟಿ ಬಿಗಿದೆ.
ಊರಿಗೆಲ್ಲ ಚುಕ್ಕಿ ಇಟ್ಟವಳು
ನನ್ನನ್ನು ಒಮ್ಮೆಯೂ ಎಣಿಸಿಕೊಂಡಿರಲಿಲ್ಲ.
ಯಂತ್ರ ಗುರುಗುಟ್ಟಿತು, ಕಾಗದ ಉಗುಳಿತು:
ಒಂದು ಲಕ್ಷ ನಲವತ್ತಮೂರು ಸಾವಿರ.
ಮಡಿಸಿ ಜೇಬಿಗಿಟ್ಟೆ.
ಆಮೇಲೆ ಕಿಪೊನ ಷರಾ ಬರೆದೆ, ಪೂರ್ತಿ ಪುಟ,
ತಮ್ಮನನ್ನೂ ಗುದ್ದಲಿಯನ್ನೂ ಸೇರಿಸಿ.

ಗುರುವಾರ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಬೇಕಾಯಿತು.
ಶಾಯಿಪೆಟ್ಟಿಗೆ ತಂದ ಹುಡುಗ ಬೆರಳು ನೋಡಿ ತಡವರಿಸಿದ.
"ಒತ್ತಿಸಪ್ಪಾ," ಎಂದ ಕಿಪೊ,
"ಎರಡನೆಯ ಸಲ ಅದ್ದಿದರೇ
ಬಣ್ಣ ನಿಲ್ಲುವುದು."