ಸಮಾನತೆಯ ಅರ್ಜಿ

ಮಲ್ಲೇಶ್ವರ ಹದಿನೆಂಟನೇ ಕ್ರಾಸಿನ ಕಚೇರಿ.
ನನ್ನ ಮೇಜಿಗೆ ಬಂದದ್ದು
ಥೆಸಲೋನಿಕಿಯ ಅಂಕಪಟ್ಟಿ.

ಆರು ವರ್ಷ ದಿಮೋತಿಕೊ, ಮೂರು ಗಿಮ್ನಾಸಿಯೊ—
ಗರಡಿಮನೆಯೇನಮ್ಮ?
ಅಲ್ಲ ಮೇಡಂ, ಹೈಸ್ಕೂಲು. ಹಿಂದೆ ಗರಡಿಯಿತ್ತಂತೆ,
ಹೆಸರಷ್ಟೇ ಉಳಿದಿದೆ,
ಎಂದಳು ಲಿಂಗರಾಜಪುರದ ಎಲೆನಿ.
ಟ್ಯಾಂಕ್ ಬಂಡ್ ರಸ್ತೆಯಲ್ಲಿ
ನಮಗೆ ಕೆರೆ ಉಳಿದ ಹಾಗೆ.

ಆಮೇಲೆ ಮೂರು, ಲಿಕಿಯೊ.
ಒಟ್ಟು ಹನ್ನೆರಡು, ಲೆಕ್ಕ ಸರಿ.
ಇಪ್ಪತ್ತಕ್ಕೆ ಹದಿನೆಂಟು;
ನಮ್ಮ ಫಾರಂನಲ್ಲಿ ನೂರಕ್ಕಷ್ಟೇ ಜಾಗ,
ಐದರಿಂದ ಗುಣಿಸಿದೆ.

ಸಂಜೆ ಆಟ ಗೀಟ?
ಫ್ರೊಂದಿಸ್ತಿರಿಯೊ, ಮೇಡಂ. ರಾತ್ರಿ ಹತ್ತರವರೆಗೆ.
ಅದೇನೆಂದು ಕೇಳಬೇಕು,
ಅಷ್ಟರಲ್ಲಿ ಕಿಟಕಿಯಾಚೆ
ಟ್ಯೂಷನ್ ಬೋರ್ಡುಗಳ ದೀಪ
ಒಂದೊಂದೇ ಹತ್ತಿಕೊಂಡಿತು.

ಷರಾ ಕಾಲಂನಲ್ಲಿ ಬರೆದೆ: ಸಮಾನ.
ಮೊಹರು ಸ್ವಲ್ಪ ಓರೆಯಾಗಿ ಬಿತ್ತು.