ಎರಡನೇ ಕೀಲಿ

ಅಡುಗೆಮನೆಯ ಮೊಳೆಯಲ್ಲಿ, ಕ್ಯಾಲೆಂಡರಿನ ಪಕ್ಕ,
ಇನ್ನೂ ತೂಗುತ್ತಿದೆ.
ಮೊದಲನೆಯದನ್ನು ಅವರು ಒಯ್ದರು.
ಜೂನ್ ಹನ್ನೊಂದು, ಬೆಳಿಗ್ಗೆ ಒಂಬತ್ತೂ ಕಾಲು,
ಸರಸ್ವತಿಪುರಂ ಶಾಲೆಯ ಗೇಟಿಗೆ ಎಂಟೂ ಮಕ್ಕಳನ್ನು ಬಿಟ್ಟು
ಒಂದು ಟೀ ಕುಡಿಯೋಣವೆಂದು ನಾನು ಇಳಿದಿದ್ದಷ್ಟೇ.

ಬೈಕಿನಲ್ಲಿ ಇಬ್ಬರು. ಒಬ್ಬನ ಬಾಯಲ್ಲಿ ಚಕ್ಕುಲಿ.
“ಕೀ ಕೊಡಿ ಅಕ್ಕ, ಸುಮ್ನೆ ಜನ ಸೇರಿಸೋದು ಬೇಡ.”
ಕೊಟ್ಟೆ.
ತಿರುಗಿ ನೋಡಿದರೆ ಟೀ ಆರಿತ್ತು,
ಅಂಗಡಿಯ ಸಿದ್ದೇಶ ದುಡ್ಡು ಬೇಡ ಅಂದ.
ನಾಚಿಕೆಯಾದದ್ದು ಆಗ.

ಏಪ್ರಿಲ್, ಮೇ ಮಕ್ಕಳಿಗೆ ರಜ.
ರಜದಲ್ಲಿ ವ್ಯಾನ್ ಫೀಸು ಯಾವ ತಾಯಿಯೂ ಕೊಡುವುದಿಲ್ಲ,
ಅವರ ಜಾಗದಲ್ಲಿ ನಾನೂ ಕೊಡುತ್ತಿರಲಿಲ್ಲ.
ಕಂತಿಗೆ ಬೇಸಿಗೆ ರಜ ಇಲ್ಲ.
ಶ್ರೀಮತಿ ಕಾಂತಾಮಣಿ ಅರಸ್:
ಜಾತಿಯಲ್ಲಿ ಅರಸು, ಲೆಕ್ಕದಲ್ಲಿ ಬಾಕಿ.

ಮಾರನೆಯ ದಿನ ಕಡಕೊಳದ ಕಡೆಯ ಯಾರ್ಡಿಗೆ ಬಸ್ಸಿನಲ್ಲಿ ಹೋದೆ.
“ಗಾಡಿ ಬಿಡಲ್ಲ.”
ಗಾಡಿ ಬೇಡಪ್ಪ, ಒಳಗಿರೋದು ಕೊಡು:
ತಕ್ಷಕನ ನೀಲಿ ಬಾಟಲಿ, ಅಫೀಫಾಳ ಕಂಪಾಸ್ ಬಾಕ್ಸು,
ಯಾರದೋ ಒಂದೇ ಒಂದು ಕಾಲುಚೀಲ,
ನನ್ನ ಓದುವ ಕನ್ನಡಕ,
ಗಾಜಿನ ಮೇಲೆ ಯಶಿಕಾ ಅಂಟಿಸಿದ ಕಾಗದದ ಚಿಟ್ಟೆ.
“ಆಫೀಸಿನಿಂದ ಲೆಟರ್ ತನ್ನಿ.”
ಆಫೀಸಿನಲ್ಲಿ, “ಯಾರ್ಡಿನಲ್ಲಿ ಕೇಳಿ.”
ನಾನು ಅಡವಿಟ್ಟದ್ದು ಗಾಡಿ.
ಚಿಟ್ಟೆಗೆ ಸಹಿ ಹಾಕಿರಲಿಲ್ಲ.

ಆಗಸ್ಟಿನಲ್ಲಿ ಕಾಗದ ಬಂತು.
ವಾಹನ ತೊಂಬತ್ನಾಲ್ಕು ಸಾವಿರಕ್ಕೆ ಹರಾಜಾಗಿದೆ,
ತಮ್ಮಿಂದ ಇನ್ನೂ ಬರಬೇಕಾದ್ದು
ಎಂಬತ್ತೇಳು ಸಾವಿರದ ಮುನ್ನೂರ ನಲವತ್ತು.
ಹಲ್ಲು ಕಿತ್ತಾಗಿದೆ, ನೋವು ಮಾತ್ರ ಅದೇ ಜಾಗದಲ್ಲಿ.
ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ:
ಗಾಡಿ ಎಳೆದ ಕೂಲಿ, ಆರು ಸಾವಿರದ ಐನೂರು.

ಎಳೆಯಲಿಲ್ಲ ಸ್ವಾಮಿ, ಓಡಿಸಿಕೊಂಡು ಹೋದರು,
ಅವತ್ತು ಬೆಳಿಗ್ಗೆ ನಾನೇ ಹಾಕಿಸಿದ
ನಾನೂರು ರೂಪಾಯಿ ಗ್ಯಾಸಿನಲ್ಲಿ.
ಅದು ಯಾವ ಕಾಲಮ್ಮಿನಲ್ಲಿದೆ?

ಹರಾಜಿಗೆ ಮುಂಚೆ ನೋಟೀಸು ಕಳಿಸಿದ್ದರಂತೆ,
ಇಟ್ಟಿಗೆಗೂಡಿನ ಹಳೆಯ ಬಾಡಿಗೆ ಮನೆಗೆ.
ನಾವು ಬಿಟ್ಟು ನಾಲ್ಕು ವರ್ಷ. ಈಗ ಅಲ್ಲಿ ಜಿಮ್ಮು.
ಕಂತು ಕೇಳಲು ಬರುವ ಹುಡುಗನಿಗೆ ಹೊಸ ಮನೆ ಗೊತ್ತಿತ್ತು,
ಇದೇ ಮೆಟ್ಟಿಲ ಮೇಲೆ ಕೂತು
ಎರಡು ಲೋಟ ಮಜ್ಜಿಗೆ ಕುಡಿದು ಹೋಗಿದ್ದ.
ಕೇಳುವ ಕಾಲಿಗೆ ಸಿಕ್ಕ ದಾರಿ
ಹೇಳುವ ಕಾಗದಕ್ಕೆ ಸಿಗಲಿಲ್ಲ.

ಕೋರ್ಟಿನ ಎದುರು, ಮರದ ಕೆಳಗೆ,
ಬೆರಳಚ್ಚಿನ ಗುರುಪಾದಸ್ವಾಮಿ ಎಲ್ಲ ಓದಿದರು, ಎರಡು ಸಲ.
“ಕಂತು ಕಟ್ಟದ್ದು ನಿಮ್ಮ ತಪ್ಪು, ಅದನ್ನು ಮುಚ್ಚಿಡಬೇಡಿ.
ತಿಳಿಸದೆ ಮಾರಿದ್ದು ಅವರದು, ಅದನ್ನು ಮರೆಯಬೇಡಿ.
ಯಾರಿಗೆ ಮಾರಿದರು, ಎಷ್ಟು ಜನ ಕೂಗಿದರು,
ಬೆಲೆ ಕಟ್ಟಿದವರು ಯಾರು, ಕೇಳಿ.
ಕೇಳೋದಕ್ಕೆ ಬಡ್ಡಿ ಇಲ್ಲ.”

ಸಾಲ ಮಾಡಿದವಳು ಕೇಳಬಹುದು ಅಂತ
ನನಗೆ ಐವತ್ತೊಂದು ವರ್ಷಕ್ಕೆ ಗೊತ್ತಾಯಿತು.

ಟೈಪು ಹೊಡೆಯುತ್ತಾ ಹೋದರು. ಗ್ರಾಹಕರ ಆಯೋಗಕ್ಕೆ, ಮೈಸೂರು.
ಬಾಟಲಿಯ ಹತ್ತಿರ ನಿಂತರು:
“ಇದರ ಮೌಲ್ಯ?”
ನೂರ ಇಪ್ಪತ್ತು.
“ಕಾಲುಚೀಲ?”
ಒಂದೇ ಇತ್ತು, ಏನು ಹೇಳಲಿ.
“ಚಿಟ್ಟೆ?”
ಮೇಲಿನಿಂದ ಒಂದು ಎಲೆ ಬಿತ್ತು, ಹಾಳೆಯ ಮೇಲೆ.
ತೆಗೆದು ಪಕ್ಕಕ್ಕಿಟ್ಟು ಅವರೇ ಮುಂದಿನ ಸಾಲಿಗೆ ಹೋದರು.

ರಸೀತಿಗಳ ಕಟ್ಟಿನ ಜೊತೆ
ಕರ್ಚೀಫಿನಲ್ಲಿ ಸುತ್ತಿ ತಂದಿದ್ದೆ, ಬಿಚ್ಚಿದೆ.
“ಕೀಲಿ ದಾಖಲೆ ಅಲ್ಲಮ್ಮ.”
ನೋಡಿ, ಇದರ ಮೇಲೂ ನಂಬರಿದೆ.
ಒಂದೇ ಕೀಲಿಯಲ್ಲಿ ಮಾರಿದ್ದಾರೆ.
ಬೆಲೆ ಕಡಿಮೆಯಾಗಿದ್ದರೆ ಇದಕ್ಕೂ ಆಗಿರಬಹುದು,
ಆಮೇಲೆ ಇದರ ಬಾಕಿಯೂ ನನ್ನ ತಲೆಗೇ.

ಗುರುಪಾದಸ್ವಾಮಿ ಕನ್ನಡಕ ತೆಗೆದರು, ಒರೆಸಿದರು.
ನಕ್ಕರೋ ಇಲ್ಲವೋ ತಿಳಿಯಲಿಲ್ಲ.
ಪಟ್ಟಿಯ ಕೊನೆಯಲ್ಲಿ ಹೊಡೆದರು:
ದಾಖಲೆ ಎಂಟು.
ಕೀಲಿ, ಒಂದು.