ಎರಡು ಕ್ಲಿಕ್ಕು ಹಿಂದಕ್ಕೆ

ಕುಹ್ಮೊ ಪೇಟೆಯಿಂದ ನಮ್ಮ ಮನೆಗೆ ಇಪ್ಪತ್ತೆರಡು ಕಿಲೋಮೀಟರು
ಜಲ್ಲಿ ರಸ್ತೆ.
ಅದರ ಮೈಮೇಲೆದ್ದ ಅಲೆಗಳಿಗೆ ಫಿನ್‌ಲ್ಯಾಂಡಿನ ಜನ
‘ಅಮಲ್ದಾರನ ಗುಂಗುರು’ ಅನ್ನುತ್ತಾರೆ.
ಯಾವ ಕಾಲದ ಅಮಲ್ದಾರನೊ, ಎಣ್ಣೆ ಕಾಣದ ತಲೆ,
ಯಂತ್ರ ಬಂದು ವರ್ಷಕ್ಕೆರಡು ಸಲ ಬಾಚಿ ಹೋದರೂ
ತಿಂಗಳೊಳಗೆ ಮತ್ತೆ ಸುರುಳಿ ಸುರುಳಿ.

ಒಸ್ಮೊ ಓಡಿಸುತ್ತಾನೆ. ನಾನು ಪಕ್ಕದಲ್ಲಿ ಉಣ್ಣೆಯ ಕಾಲುಚೀಲ ಹೆಣೆಯುತ್ತೇನೆ.
ಮೂವತ್ತೊಂದು ವರ್ಷದಿಂದ ಇದೇ ಹಂಚಿಕೆ.

ನಮ್ಮ ವೋಲ್ವೊ ಹಳೆಯದು, ತಿರುವಿನಲ್ಲಿ
ತುಂಬಿದ ದೋಣಿಯ ಹಾಗೆ ಮಗ್ಗುಲಿಗೆ ವಾಲುತ್ತಿತ್ತು.
ಎಡಕ್ಕೆ ವಾಲಿದರೆ ನೂಲುಂಡೆ ಗೇರಿನ ಬುಡಕ್ಕೆ,
ಬಲಕ್ಕೆ ವಾಲಿದರೆ ತಾನೇ ವಾಪಸು ಮಡಿಲಿಗೆ.
ನನಗದು ಅಭ್ಯಾಸ.
ಅವನಿಗದು ಅವಮಾನ.

ಮೇ ತಿಂಗಳಲ್ಲಿ, ಹಿಮ ಕರಗಿ ಕೆಸರೂ ಒಣಗಿದ ಮೇಲೆ
ಪಾರ್ಸೆಲ್ಲು ಬಂತು: ಕೆಂಪು ಸ್ಪ್ರಿಂಗು ನಾಲ್ಕು,
ಹಳದಿ ಷಾಕ್ ಅಬ್ಸಾರ್ಬರು ನಾಲ್ಕು.
ಗ್ಯಾರೇಜಿನ ರಾಉನೊ ಬಂದ. ಎರಡು ದಿನ ಇಬ್ಬರೂ ಕಾರಿನಡಿಗೆ.
ಕಾಫಿ ಕೊಡಲು ಹೋದಾಗೆಲ್ಲ
ಒಂದೊಂದು ಬೂಟುಗಾಲು ನನ್ನ ಜೊತೆ ಮಾತಾಡಿತು.

ಮೊದಲ ಸವಾರಿ.
ತಿರುವಿಗೆ ಕಾರು ಬಾಗಲಿಲ್ಲ, ನಿಜ,
ಹಳಿಯ ಮೇಲೆ ಹೋದಂತೆ ಹೋಯಿತು. ಒಸ್ಮೊ ಶಿಳ್ಳೆ ಹಾಕಿದ.
ಆಮೇಲೆ ಅಮಲ್ದಾರನ ತಲೆ ಬಂತು.
ಹಲ್ಲಿಗೆ ಹಲ್ಲು ಬಡಿಯಿತು, ಕನ್ನಡಿಯಲ್ಲಿ ಕಾಡು ನಡುಗಿತು,
ಡಬ್ಬಿಯೊಳಗೆ ಮೊಟ್ಟೆಗಳು ತಮ್ಮತಮ್ಮಲ್ಲೇ ಜಗಳವಾಡಿದವು.
ಹೇಗಿದೆ? ಅಂದ.
ಗಟ್ಟಿಯಾಗಿದೆ ಅಂದೆ.
ಹೊಗಳಿಕೆ ಅಂದುಕೊಂಡ.

ಮನೆಗೆ ಬಂದು ಹೆಣಿಗೆ ಮೇಜಿನ ಮೇಲಿಟ್ಟೆ. ಬಯ್ಯಲಿಲ್ಲ.
ಪೇಟೆ ಬಿಡುವಾಗಿನ ಸಾಲುಗಳು ಬಾಚಿದ ಜಡೆಯ ಹಾಗೆ ನೇರ;
ಡಾಂಬರು ಮುಗಿದಲ್ಲಿಂದ ಒಂದು ಕುಣಿಕೆ ಬಿಗಿ, ಒಂದು ಸಡಿಲು;
ಆಮೇಲೆ ಮೂರು ಕುಣಿಕೆ ಒಟ್ಟಿಗೆ ಜಾರಿ
ಕಿರುಬೆರಳು ತೂರುವಷ್ಟು ತೂತು.
ಒಸ್ಮೊ ಕನ್ನಡಕ ಹಾಕಿಕೊಂಡು ಓದಿದ,
ಹೌದು, ಓದಿದ, ದೂರದಿಂದ ಬಂದ ಪತ್ರದ ಹಾಗೆ.
ಇದು ಸೇತುವೆಯಾ? ಅಂದ.
ಸೇತುವೆ, ಅಂದೆ.

ಕೆಂಪು ಸ್ಪ್ರಿಂಗು ರಾಉನೊನ ಕಪಾಟು ಸೇರಿತು.
ಹಳೆಯ ಅಳತೆಯ ಮೆದು ಸ್ಪ್ರಿಂಗು ತರಿಸಿದರು.
ವಾಲುವುದನ್ನು ತಡೆಯಲು ಅಡ್ಡಕ್ಕೊಂದು ದಪ್ಪ ಕಂಬಿ ಸಾಕಂತೆ:
ಎರಡೂ ಗಾಲಿ ಒಟ್ಟಿಗೆ ಎದ್ದರೆ ಅದು ಸುಮ್ಮನಿರುತ್ತದೆ,
ಒಂದು ಎದ್ದು ಒಂದು ಇಳಿದಾಗ ಮಾತ್ರ ನಡುವೆ ಬಾಯಿ ಹಾಕುತ್ತದೆ.
ಇಂಥ ನೆಂಟರು ಅಪರೂಪ.
ಬಿರುಕು ಬಿಟ್ಟ ಬುಷ್‌ಗಳ ಜಾಗಕ್ಕೆ ಮತ್ತೆ ರಬ್ಬರೇ.
ಟೈರಿನಲ್ಲಿ ಗಾಳಿ ಒಂದು ಗುಟುಕು ಕಡಿಮೆ.
ಷಾಕ್ ಅಬ್ಸಾರ್ಬರಿನ ನೆತ್ತಿಯಲ್ಲೊಂದು ಸಣ್ಣ ತಿರುಪು,
ತಿರುಗಿಸಿದಷ್ಟೂ ಹಲ್ಲಿ ಲೊಚಗುಟ್ಟಿದ ಹಾಗೆ ಕ್ಲಿಕ್, ಕ್ಲಿಕ್.

ಸವಾರಿ, ಕಾಲುಚೀಲ, ಕನ್ನಡಕ, ತಿರುಪು.
ಮತ್ತೆ ಸವಾರಿ.
ಪೂರ್ತಿ ಸಡಿಲಿಸಿದ ದಿನ ಗುಂಡಿ ದಾಟಿ ಎಷ್ಟೋ ಹೊತ್ತಾದರೂ
ಕಾರು ತೊಟ್ಟಿಲಾಡುತ್ತಲೇ ಇತ್ತು.
ನನಗೆ ಹೊಟ್ಟೆ ತೊಳಸಿತು, ಹೆಣಿಗೆ ಜೋಲುಬಿತ್ತು.
ಮೆತ್ತಗಿದ್ದ ಮಾತ್ರಕ್ಕೆ ಸುಖವಲ್ಲ.
ಮದುವೆಯ ಹೊಸತರಲ್ಲೇ ಇದನ್ನು ಕಲಿತಿದ್ದೆವು,
ಮರೆತಿತ್ತು.
ನಡುವಿನವರೆಗೆ ಬಿಗಿದು, ಎರಡು ಕ್ಲಿಕ್ಕು ಹಿಂದಕ್ಕೆ.
ಅಲ್ಲಿ ನಿಂತಿತು.

ಈಗಲೂ ರಸ್ತೆ ಇದೆ. ಇಲ್ಲವೆಂದು ಕಾರು ಸುಳ್ಳು ಹೇಳುವುದಿಲ್ಲ,
ದನಿ ತಗ್ಗಿಸಿ ಹೇಳುತ್ತದೆ.
ಸೇತುವೆ ಬಂದಾಗ ಬೆರಳಿಗೆ ಗೊತ್ತಾಗುತ್ತದೆ, ಕುಣಿಕೆಗೆ ಗೊತ್ತಾಗುವುದಿಲ್ಲ.

ಆ ಮೊದಲ ಕಾಲುಚೀಲ ಒಸ್ಮೊನ ಎಡಗಾಲಿನಲ್ಲಿದೆ.
ತೂತು ಹೊಲಿಯುತ್ತೇನೆಂದರೆ ಬೇಡ ಅನ್ನುತ್ತಾನೆ.
ಬಲಗಾಲಿನದು ಬೇಸಿಗೆ ಮುಗಿಯುವಾಗ ಹೆಣೆದದ್ದು, ನಯ.

ಸೋಮವಾರ ರಸ್ತೆ ಬಾಚುವ ಯಂತ್ರ ಬರುತ್ತದಂತೆ.
ಸುದ್ದಿ ಕೇಳಿ ಒಸ್ಮೊ
ಯಾಕೋ ಊಟದ ಹೊತ್ತೆಲ್ಲ ಮಂಕಾಗಿದ್ದ.